ಮೀಟರು ಕೆಂಪಾಗೋಕೆ ಮುಂಚೆ
ಹಲಸೂರು ಸೋಮೇಶ್ವರ ದೇವಸ್ಥಾನದ ಹತ್ರ ನಮ್ಮನೆ. ಅತ್ತೆ ಹೇಳಿದ ಸೋಬಾನೆ ಪದ ರೆಕಾರ್ಡ್ ಮಾಡೋವಾಗ, ಬೀದಿ ಗಲಾಟೆ ಮೀರ್ಲಿ ಅಂತ ಮೈಕಿನ ಗೇನ್ ಏರಿಸ್ಬಿಟ್ಟೆ. ಗಲಾಟೆನೂ ಜೊತೇಲೇ ಏರ್ತು ಅನ್ನಿ. ಮೀಟರು ಸೊನ್ನೆ ಮುಟ್ಟಿ ಕೆಂಪಾಯ್ತು. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬಲ್ಲೇ ಸೂರು. ಮೇಲೆದ್ದ ಅಲೆಯ ತಲೆ ಕತ್ತರಿಸಿ ಹೋಗತ್ತೆ. ಆಮೇಲೆ ವಾಲ್ಯೂಮ್ ಎಷ್ಟಿಳಿಸಿದ್ರೂ ಕರಕರ ಹೋಗ್ಲಿಲ್ಲ. ಅತ್ತೆಗೆ ಈಗ ಗಂಟಲೇಳಲ್ಲ.

ಅದಕ್ಕೇ ಹೇಳ್ತೀನಿ, ಅತಿ ಜೋರಿನ ಸಾಲೂ ಮೈನಸ್ 6 ದಾಟಬಾರದು. ಮಿಕ್ಸ್ ಮಾಡೋವಾಗ ಹಾಡು ಕೇಳಲ್ಲ ಅಂತ ಹಾಡನ್ನೇ ಏರಿಸ್ಬೇಡಿ, ಹಾರ್ಮೋನಿಯಂ ಇಳಿಸಿ. ಒಂದೊಂದು ಟ್ರ್ಯಾಕೂ ಹಸಿರಾಗಿದ್ರೂ ಎಲ್ಲಾ ಕೂಡಿದಾಗ ಮಾಸ್ಟರ್ ಕೆಂಪಾಗತ್ತೆ ಕಣ್ರೀ; ಒಂದೇ ದನಿ ಎರಡು ಟ್ರ್ಯಾಕಲ್ಲಿದ್ರೆ 6 ಡೆಸಿಬಲ್ ಏರತ್ತೆ. ಸಣ್ಣಗಿದ್ರೆ ಕೇಳೋರು ಸ್ಪೀಕರ್ ಜೋರು ಮಾಡ್ಕೊಳ್ತಾರೆ ಬಿಡಿ. ನಿಮ್ಮಮ್ಮನ ಹತ್ರ ಎತ್ತರದ ಸಾಲನ್ನ ಮೊದಲೇ ಒಂದ್ಸಲ ಹೇಳಿಸಿ, ಮೀಟರ್ ನೋಡ್ಕೊಳ್ಳಿ.