ಒಂದೇ ಚುಕ್ಕೆಯ ಭೂಪಟ

ಹಕ್ಕಿಯ ನೆಲೆಯನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಅದು ಕಣ್ಣಿಗೆ ಬೀಳುತ್ತದೆ, ಇಲ್ಲವೇ ಕೂಗಿ ತನ್ನ ಇರವನ್ನು ತಿಳಿಸುತ್ತದೆ. ಆದರೆ ಬಾಳಿನ ಬಹುಭಾಗವನ್ನು ನೆಲದೊಳಗಿನ ಸುರಂಗಗಳಲ್ಲಿಯೇ ಕಳೆಯುವ ಪ್ರಾಣಿಯ ನೆಲೆಯನ್ನು ಭೂಪಟದ ಮೇಲೆ ತೋರಿಸುವುದೆಂತು? ‘ಮೋಲ್’ ಎಂಬ ಪ್ರಾಣಿಯ ವಿಷಯದಲ್ಲಿ ಶಾಸ್ತ್ರಜ್ಞರನ್ನು ಕಾಡುತ್ತಿರುವ ಪ್ರಶ್ನೆ ಇದು.

ದಕ್ಷಿಣ ಭಾರತದಲ್ಲಿ ಮೋಲ್ ಇಲ್ಲ. ಪೂರ್ವ ಹಿಮಾಲಯದಲ್ಲಿಯೂ ಈಶಾನ್ಯದ ಬೆಟ್ಟಗಳಲ್ಲಿಯೂ ಅದರ ವಾಸವುಂಟು. ನೋಟಕ್ಕೆ ಇಲಿಯಂತಿದ್ದರೂ ಅದು ಇಲಿಯ ಕುಲಕ್ಕೆ ಸೇರಿದುದಲ್ಲ. ಮನೆಯ ಮೂಲೆಗಳಲ್ಲಿ ಸುಳಿಯುವ ಸುಂಡಿಲಿಯ ದೂರದ ಬಂಧು. ಸಲಿಕೆಯಂತಹ ಮುಂಗಾಲುಗಳು, ಮಖಮಲ್ಲಿನಂತಹ ತುಪ್ಪಳ, ಎರೆಹುಳುವಿನ ಮೇಲೆ ಬಲು ಪ್ರೀತಿ—ಇವು ಅದರ ಲಕ್ಷಣಗಳು.

ಮೋಲ್ ಹೊರಚೆಲ್ಲಿದ ಮಣ್ಣಿನ ಗುಪ್ಪೆ ಅದರ ಇರವನ್ನು ಸೂಚಿಸುತ್ತದೆ. ಅದು ಯಾವ ಜಾತಿಯದೆಂಬುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ಪ್ರಾಣಿಯೇ ಕೈಗೆ ಸಿಗಬೇಕು. ಸಿಕ್ಕ ಸ್ಥಳಕ್ಕೊಂದು ಚುಕ್ಕೆಯಿಟ್ಟು, ಚುಕ್ಕೆಗಳನ್ನು ಬಳಸಿ ಗೆರೆಯೆಳೆದರೆ ಆ ಜಾತಿಯ ಸೀಮೆ ಸಿದ್ಧವಾಗುತ್ತದೆ. ಆದರೆ ಗೆರೆಯೂ ಶಾಶ್ವತವಲ್ಲ. ಫ್ರಾನ್ಸಿನ ನೈರುತ್ಯ ಭಾಗದ ಮೋಲ್‌ಗಳನ್ನು ಯೂರೋಪಿನ ಸಾಮಾನ್ಯ ಜಾತಿಯವೆಂದೇ ಬಹುಕಾಲ ಎಣಿಸಲಾಗಿತ್ತು. ಡಿ.ಎನ್.ಎ. ಪರೀಕ್ಷೆಯ ನೆರವಿನಿಂದ ಅವು ಬೇರೆ ಜಾತಿಯವೆಂದು ತಿಳಿದು, 2017ರಲ್ಲಿ ಅವಕ್ಕೆ ‘ತಾಲ್ಪಾ ಅಕ್ವಿತಾನಿಯಾ’ ಎಂದು ಹೆಸರಿಡಲಾಯಿತು. ಲ್ವಾರ್ ನದಿಯ ಉತ್ತರ ಮತ್ತು ಪೂರ್ವಕ್ಕೆ ಹಳೆಯ ಜಾತಿ, ದಕ್ಷಿಣ ಮತ್ತು ಪಶ್ಚಿಮಕ್ಕೆ ಹೊಸದು—ಹೀಗೆ ಭೂಪಟವನ್ನು ತಿದ್ದಬೇಕಾಯಿತು.

ಎಲ್ಲಕ್ಕಿಂತ ವಿಚಿತ್ರವಾದ ಭೂಪಟ ಸೆಂಕಾಕು ಮೋಲ್‌ನದು. ಅದರಲ್ಲಿರುವುದು ಒಂದೇ ಚುಕ್ಕೆ. ಪೂರ್ವ ಚೀನಾ ಸಮುದ್ರದಲ್ಲಿ ಸುಮಾರು 4 ಚದರ ಕಿಲೋಮೀಟರ್ ವಿಸ್ತಾರದ ಉವೊತ್ಸುರಿ ಎಂಬ ದ್ವೀಪವಿದೆ. ಅಲ್ಲಿ ಸಿಕ್ಕ ಒಂದೇ ಒಂದು ಪ್ರಾಣಿಯ ಆಧಾರದಿಂದ ಜಪಾನಿನ ಶಾಸ್ತ್ರಜ್ಞರು 1991ರಲ್ಲಿ ಈ ಜಾತಿಯನ್ನು ಲೋಕಕ್ಕೆ ಪರಿಚಯಿಸಿದರು. ಇನ್ನೊಂದು ಈವರೆಗೆ ಯಾರ ಕೈಗೂ ಸಿಕ್ಕಿಲ್ಲ.

1978ರಲ್ಲಿ ಕೆಲವರು ಆ ದ್ವೀಪಕ್ಕೆ ಒಯ್ದು ಬಿಟ್ಟ ಒಂದು ಜೊತೆ ಆಡುಗಳ ಸಂತತಿ ನೂರಾರಾಗಿ ಬೆಳೆಯಿತು. ಹಸಿರು ಹೋಯಿತು, ಮೋಲ್‌ಗೆ ಮನೆಯಾದ ಮಣ್ಣು ಸವೆಯತೊಡಗಿತು. ಬೋಳಾದ ಇಳಿಜಾರುಗಳು ಉಪಗ್ರಹದ ಚಿತ್ರಗಳಲ್ಲಿ ಕಾಣುತ್ತವೆ. ನೆಲದಡಿಯ ಮೋಲ್ ಕಾಣುವುದಿಲ್ಲ. ದ್ವೀಪವು ಜಪಾನಿನ ಆಡಳಿತದಲ್ಲಿದೆ. ಚೀನಾ ಮತ್ತು ತೈವಾನ್‌ಗಳೂ ಅದು ತಮ್ಮದೆನ್ನುತ್ತವೆ. ಈ ವ್ಯಾಜ್ಯದ ನಡುವೆ, ದಡಕ್ಕಿಳಿದು ಹುಡುಕಲು ಶಾಸ್ತ್ರಜ್ಞರಿಗೆ ಅನುಮತಿ ಸಿಗುವುದು ದುಸ್ತರ.

ಹೀಗಾಗಿ ಆ ಚುಕ್ಕೆಯನ್ನು ಅಳಿಸಲು ಆಧಾರವಿಲ್ಲ. ಅದರ ಪಕ್ಕದಲ್ಲಿ ಇನ್ನೊಂದನ್ನಿಡಲು ಅವಕಾಶವಿಲ್ಲ.