ಪತ್ತೇದಾರನ ಕಣ್ಣಿನಿಂದ ರಾಜಕೀಯ ಪುಸ್ತಕ

ನಮ್ಮ ಮನೆಗಳಲ್ಲಿ ಪುಸ್ತಕಗಳಿಗೂ ಒಂದು ಪಂಕ್ತಿಭೇದವಿದೆ. ರಾಜಕೀಯ, ಇತಿಹಾಸ, ರಾಷ್ಟ್ರಚಿಂತನೆಯ ದಪ್ಪ ಪುಸ್ತಕಗಳಿಗೆ ನಡುಮನೆಯ ಗಾಜಿನ ಬೀರುವಿನಲ್ಲಿ ಸ್ಥಾನ. ಹಳೆಯ ಚಲನಚಿತ್ರಗಳಿಗೆ ಭಾನುವಾರದ ಊಟದ ನಂತರದ ನಿಟ್ಟುಸಿರಿನಲ್ಲಿ ಸ್ಥಾನ. ಪತ್ತೇದಾರಿ ಕಾದಂಬರಿಗಳಿಗೆ ದಿಂಬಿನ ಕೆಳಗೆ. ಮೊದಲನೆಯದು ಜ್ಞಾನ, ಎರಡನೆಯದು ಸಂಸ್ಕೃತಿ, ಮೂರನೆಯದು ಕಾಲಹರಣ ಎಂದು ಮಕ್ಕಳಿಗೂ ಕಲಿಸಿಬಿಟ್ಟಿದ್ದೇವೆ. ಈ ಏರ್ಪಾಡಿನ ಬಗ್ಗೆ ನನಗೆ ತಕರಾರಿದೆ. ಇಂದು ನಮ್ಮಲ್ಲಿ ಅತ್ಯಂತ ಅಜಾಗರೂಕತೆಯಿಂದ ಓದಲಾಗುತ್ತಿರುವುದು ರಾಜಕೀಯ ಪುಸ್ತಕಗಳನ್ನು. ಅವನ್ನು ಓದುವ ಕ್ರಮವನ್ನು ಕಲಿಯಬೇಕಾದುದು ನಾವು ಹೀಗಳೆಯುವ ಪತ್ತೇದಾರಿ ಕಾದಂಬರಿಗಳಿಂದ.

2011ರಲ್ಲಿ ತೀರಿಕೊಂಡ ಎನ್. ನರಸಿಂಹಯ್ಯನವರ ಹೆಸರು ಕೇಳಿದರೆ ನಮ್ಮ ವಿದ್ವಾಂಸರು ಈಗಲೂ ಮುಗುಳ್ನಗುತ್ತಾರೆ. ಹೆಚ್ಚಿನ ಶಾಲಾ ಶಿಕ್ಷಣವಿಲ್ಲದ ಆ ಮನುಷ್ಯ ನೂರಾರು ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಬೆನ್ನುಹತ್ತಿ ಕನ್ನಡ ಓದುವುದನ್ನು ರೂಢಿಸಿಕೊಂಡ ಒಂದು ತಲೆಮಾರೇ ಇದೆ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಬಾಡಿಗೆಗೆ ತಂದು, ರಾತ್ರಿಯೊಳಗೆ ಮುಗಿಸಿ, ಬೆಳಿಗ್ಗೆ ಹಿಂದಿರುಗಿಸಿದ ಪುಸ್ತಕಗಳು ಅವು. ಪಠ್ಯಪುಸ್ತಕದ ನಾಲ್ಕು ಪುಟಕ್ಕೆ ಆಕಳಿಸುವ ಹುಡುಗ ನೂರು ಪುಟಗಳನ್ನು ಉಸಿರು ಬಿಗಿಹಿಡಿದು ಓದುತ್ತಾನೆಂದರೆ, ಅದನ್ನು ಉಪಾಧ್ಯಾಯನಾದವನು ಲಘುವಾಗಿ ಕಾಣಬಾರದು.

ಇನ್ನೊಂದು ವಿಚಿತ್ರವನ್ನು ನೋಡಿ. 1972ರ ‘ಬಂಗಾರದ ಮನುಷ್ಯ’ ಚಿತ್ರವನ್ನು ನೆನೆದು ಕಣ್ಣೊರೆಸಿಕೊಳ್ಳದ ಹಿರಿಯರು ನಮ್ಮಲ್ಲಿ ವಿರಳ. ರಾಜಕುಮಾರರನ್ನು ಸ್ಮರಿಸುತ್ತೇವೆ, ನಿರ್ದೇಶಕ ಸಿದ್ಧಲಿಂಗಯ್ಯನವರನ್ನು ಸ್ಮರಿಸುತ್ತೇವೆ. ಆ ಕಥೆ ಟಿ.ಕೆ. ರಾಮರಾಯರ ಕಾದಂಬರಿಯದು, ಅವರು ಹೆಸರಾದದ್ದು ಪತ್ತೇದಾರಿ ಕಾದಂಬರಿಗಳಿಂದ ಎಂಬುದನ್ನು ಮಾತ್ರ ಮರೆಯುತ್ತೇವೆ. ಮರ ಬೇಡ, ಹಣ್ಣು ಬೇಕು!

ಪತ್ತೇದಾರಿ ಕಾದಂಬರಿ ಓದುಗನನ್ನು ಯಾವುದಕ್ಕೆ ಅಣಿಗೊಳಿಸುತ್ತದೆ? ಮೊದಲ ಅಧ್ಯಾಯದಲ್ಲಿ ಎಲ್ಲರ ಬೆರಳೂ ಯಾರ ಕಡೆಗೆ ಚಾಚಿದೆಯೋ ಅವನು ಸಾಮಾನ್ಯವಾಗಿ ಅಪರಾಧಿಯಲ್ಲ ಎಂಬ ಎಚ್ಚರಕ್ಕೆ. ಸಾಕ್ಷಿ ಹೇಳುವವನು ಆ ಹೊತ್ತಿನಲ್ಲಿ ಎಲ್ಲಿದ್ದ, ಅವನಿಗೆ ಇದರಿಂದ ದೊರೆಯುವುದೇನು ಎಂದು ಕೇಳುವ ಅಭ್ಯಾಸಕ್ಕೆ. ಕೊನೆಯ ಪುಟದವರೆಗೆ ತೀರ್ಪನ್ನು ತಡೆಹಿಡಿಯುವ ಸಂಯಮಕ್ಕೆ.

ಇದೆಲ್ಲ ಇಂಗ್ಲಿಷಿನಿಂದ ಅಂಟಿದ ಚಟವೆನ್ನುವವರಿಗೆ ಮೈಸೂರಿನದೇ ಒಂದು ನಿದರ್ಶನ ಕೊಡುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣನು ‘ಮುದ್ರಾಮಂಜೂಷ’ವನ್ನು ಬರೆದನು. ಹೊಸಗನ್ನಡ ಗದ್ಯದ ಆರಂಭವನ್ನು ಹೇಳುವಾಗ ಎಲ್ಲರೂ ಹೆಸರಿಸುವ ಕೃತಿಯಿದು. ಇದಕ್ಕೆ ಮೂಲವಾದ ಕಥೆ ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದ್ದು: ಗೂಢಚಾರರು, ವೇಷಧಾರಿಗಳು, ಕಳೆದುಹೋದ ಮುದ್ರೆಯುಂಗುರ, ಕಪಟದ ಪತ್ರ. ಶಾಲೆಯಲ್ಲಿ ನಾವು ಗೌರವದಿಂದ ಹೆಸರು ಬಾಯಿಪಾಠ ಮಾಡಿಸಿದ ಈ ಕೃತಿ ಅಪ್ಪಟ ರಾಜಕೀಯ ಪತ್ತೇದಾರಿಯೇ. ಇದೇ ಮೈಸೂರಿನ ಓರಿಯಂಟಲ್ ಲೈಬ್ರರಿಯ ಹಸ್ತಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ವಾದರೂ ಗೂಢಚಾರರಿಗೆ ಅಧ್ಯಾಯಗಳನ್ನೇ ಮೀಸಲಿಟ್ಟಿದೆ. ರಾಜಕೀಯಶಾಸ್ತ್ರವೂ ಪತ್ತೇದಾರಿಕೆಯೂ ನಮ್ಮ ಊರಿನಲ್ಲಿ ಒಂದೇ ಕಪಾಟಿನಲ್ಲಿದ್ದವು. ಬೇರೆ ಮಾಡಿದವರು ನಾವು.

‘ಮುದ್ರಾರಾಕ್ಷಸ’ದ ಮಲಯಕೇತುವನ್ನು ನೆನಪಿಸಿಕೊಳ್ಳಿ. ಅಮಾತ್ಯ ರಾಕ್ಷಸನು ದ್ರೋಹಿಯೆಂದು ತೋರಿಸುವ ಪತ್ರವೊಂದು ಅವನ ಕೈಗೆ ಸಿಗುವಂತೆ ಚಾಣಕ್ಯನು ಹೂಡುತ್ತಾನೆ. ಮಲಯಕೇತು ಪೂರ್ತಿ ದಡ್ಡನಲ್ಲ. ಮುದ್ರೆಯನ್ನು ಪರೀಕ್ಷಿಸುತ್ತಾನೆ, ಅದು ನಿಜವಾದ ಮುದ್ರೆ. ಕೈಬರಹವನ್ನು ಹೋಲಿಸಿ ನೋಡುತ್ತಾನೆ, ಅದೂ ನಿಜ. ಪತ್ರ ಮಾತ್ರ ಸುಳ್ಳು. ಮುದ್ರೆಯುಂಗುರ ಯಾರ ಯಾರ ಕೈದಾಟಿ ಬಂತು, ಈ ಪತ್ರ ಇಂದೇ ಏಕೆ ಸಿಕ್ಕಿತು, ಇದರಿಂದ ಯಾರಿಗೆ ಲಾಭ ಎಂದು ಅವನು ಕೇಳಲಿಲ್ಲ. ಏಕೆಂದರೆ ಅವನ ಮನಸ್ಸು ಮೊದಲೇ ರಾಕ್ಷಸನನ್ನು ಶಂಕಿಸುವಂತೆ ಹದಗೊಂಡಿತ್ತು. ತನ್ನ ಮಿತ್ರರಾಜರನ್ನೇ ಕೊಲ್ಲಿಸಿ, ಯೋಗ್ಯನಾದ ಮಂತ್ರಿಯನ್ನು ಓಡಿಸಿ, ತಾನೂ ಸೆರೆಯಾದ. ಇಂದು ವಾಟ್ಸ್‌ಆ್ಯಪಿನಲ್ಲಿ ನಮಗೆ ಬರುವುದು ಇದೇ ಪತ್ರ. ಚಿತ್ರ ನಿಜ, ಉದ್ಧರಿಸಿದ ವಾಕ್ಯವೂ ನಿಜ, ಹೇಳಿದ ಸಂದರ್ಭ ಮಾತ್ರ ಬೇರೆ. ನಮ್ಮಲ್ಲಿ ಮಲಯಕೇತುಗಳಿಗೆ ಬರವಿಲ್ಲ.

ರಹಸ್ಯಕಥೆಯನ್ನು ಬಲ್ಲ ಲೇಖಕ ಅದನ್ನು ಎಲ್ಲಿಗೆ ಒಯ್ಯಬಹುದೆಂಬುದಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಸಾಕು. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಂದಿತು. ಮಲೆನಾಡಿನ ಕೆಸರೂರಿನಲ್ಲಿ ಪತ್ತೇದಾರಿಕೆಯೊಂದು ಆರಂಭವಾಗುತ್ತದೆ. ಓದುತ್ತ ಹೋದಂತೆ ಅಪರಾಧಿ ಯಾರೆಂಬ ಪ್ರಶ್ನೆ ಹಿಂದೆ ಸರಿದು, ಒಂದು ಊರು ತನ್ನೊಳಗಿನ ಜಾತಿಮತಗಳ ದ್ವೇಷದಿಂದ ಹೇಗೆ ಹೊತ್ತಿಕೊಳ್ಳುತ್ತದೆಂಬ ಪ್ರಶ್ನೆ ಮುಂದೆ ಬರುತ್ತದೆ. ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ 1985ರ ‘ಆಕ್ಸಿಡೆಂಟ್’ ಚಿತ್ರವೂ ಅಂಥದೇ. ಬೀದಿಬದಿಯಲ್ಲಿ ಮಲಗಿದ್ದ ಬಡವರ ಮೇಲೆ ಕಾರು ಹರಿಸಿದವನು ರಾಜಕಾರಣಿಯ ಮಗನೆಂದು ಪ್ರೇಕ್ಷಕನಿಗೆ ಮೊದಲೇ ಗೊತ್ತು. ಅವನನ್ನು ಯಾರು, ಹೇಗೆ ಪಾರುಮಾಡುತ್ತಾರೆಂಬುದೇ ಅಲ್ಲಿಯ ರಹಸ್ಯ. ಹಳೆಯ ಚಿತ್ರವೆಂದರೆ ಹಾಡು, ಕಣ್ಣೀರು, ‘ಆ ಕಾಲವೇ ಚೆನ್ನಾಗಿತ್ತು’ ಎಂಬ ನಿಟ್ಟುಸಿರು ಎಂದಷ್ಟೇ ತಿಳಿದವರು ಈ ಚಿತ್ರವನ್ನು ಇನ್ನೊಮ್ಮೆ ನೋಡಬೇಕು. ಆ ಕಾಲ ಅಷ್ಟೇನೂ ಚೆನ್ನಾಗಿರಲಿಲ್ಲವೆಂದು ಆ ಕಾಲದ ಒಳ್ಳೆಯ ಚಿತ್ರಗಳೇ ಹೇಳುತ್ತಿವೆ.

ಈಗ ಗಾಜಿನ ಬೀರುವಿಗೆ ಬರೋಣ. ನಮ್ಮ ಕಾಲದ ಬಹಳಷ್ಟು ರಾಜಕೀಯ ಪುಸ್ತಕಗಳು ಅಪರಾಧಿಯ ಹೆಸರನ್ನು ಮೊದಲ ಪುಟದಲ್ಲೇ ಹೇಳಿ, ಉಳಿದ ಮುನ್ನೂರು ಪುಟಗಳಲ್ಲಿ ಅವನಿಗೆ ತಕ್ಕ ಸಾಕ್ಷ್ಯ ಹೊಂದಿಸುತ್ತವೆ. ಇದು ಬಲಕ್ಕೂ ಸಲ್ಲುವ ಮಾತು, ಎಡಕ್ಕೂ ಸಲ್ಲುವ ಮಾತು. ಹಾಗೆ ಬರೆದ ಕಾದಂಬರಿಯನ್ನು ಬಾಡಿಗೆಗೆ ತಂದ ಹುಡುಗ ಹತ್ತನೆಯ ಪುಟಕ್ಕೇ ಮಡಚಿಡುತ್ತಿದ್ದ. ನಾವೋ, ಅಂಥ ಪುಸ್ತಕವನ್ನು ಮದುವೆಗಳಲ್ಲಿ ಉಡುಗೊರೆ ಕೊಡುತ್ತೇವೆ.

ಪುಸ್ತಕಗಳಿಗಿಂತ ನಮ್ಮ ಓದಿನ ತಪ್ಪೇ ದೊಡ್ಡದು. 2007ರಲ್ಲಿ ಎಸ್.ಎಲ್. ಭೈರಪ್ಪನವರ ‘ಆವರಣ’ ಬಂದಾಗ ಮುದ್ರಣದ ಮೇಲೆ ಮುದ್ರಣವಾಯಿತು, ಪರವಿರೋಧಗಳ ಮಳೆಯೇ ಸುರಿಯಿತು. ಆ ಕಾದಂಬರಿಯೊಳಗೇ, ನಾಯಕಿ ಆಧರಿಸಿದ ಗ್ರಂಥಗಳ ಒಂದು ಪಟ್ಟಿಯಿದೆ. ಒಪ್ಪಿದವರಲ್ಲಿ ಎಷ್ಟು ಜನ ಆ ಪಟ್ಟಿಯ ಒಂದು ಪುಸ್ತಕವನ್ನಾದರೂ ತೆರೆದರು? ಖಂಡಿಸಿದವರಲ್ಲಿ ಎಷ್ಟು ಜನ? ಯು.ಆರ್. ಅನಂತಮೂರ್ತಿಯವರು 2014ರಲ್ಲಿ ತೀರಿಕೊಂಡ ಮೇಲೆ ಅವರ ‘ಹಿಂದುತ್ವ ಅಥವಾ ಹಿಂದ್ ಸ್ವರಾಜ್’ ಪ್ರಕಟವಾಯಿತು. ಸಾವರ್ಕರರ ಮತ್ತು ಗಾಂಧೀಜಿಯವರ ಎರಡು ಕೃತಿಗಳನ್ನು ಎದುರುಬದುರು ನಿಲ್ಲಿಸುವ ಪುಸ್ತಕವದು. ಅದನ್ನು ಎತ್ತಿ ಮೆರೆಸಿದವರೂ ಎಸೆದವರೂ ಆ ಎರಡು ಮೂಲಕೃತಿಗಳನ್ನು ಓದಿದ್ದರೇ? ಇಬ್ಬರು ಲೇಖಕರೂ ಮೈಸೂರಿನಲ್ಲಿ ಬಾಳಿದವರು. ಭೈರಪ್ಪನವರೂ 2025ರಲ್ಲಿ ಅಗಲಿದ್ದಾರೆ. ಇನ್ನು ಅವರಿಬ್ಬರ ಹೆಸರಿನಲ್ಲಿ ಜಗಳವಾಡುವುದಕ್ಕಿಂತ ಇಬ್ಬರನ್ನೂ ಕೊನೆಯ ಪುಟದವರೆಗೆ ಓದುವುದು ಹೆಚ್ಚಿನ ಮರ್ಯಾದೆ.

ಪತ್ತೇದಾರಿ ಕಾದಂಬರಿಗಳಲ್ಲಿ ದೋಷವಿಲ್ಲವೇ ಎಂದು ನೀವು ಕೇಳಬಹುದು. ಇದೆ, ಬೇಕಾದಷ್ಟಿದೆ. ಹೆಣ್ಣನ್ನು ಕೇವಲ ಹೆಣವಾಗಿಯೋ ಮಾಯಾಂಗನೆಯಾಗಿಯೋ ಕಾಣುವ ಚಾಳಿ, ಕುರೂಪಿಯನ್ನೂ ಪರದೇಶಿಯನ್ನೂ ಸುಲಭವಾಗಿ ದುಷ್ಟನನ್ನಾಗಿಸುವ ಸೋಮಾರಿತನ ಅವುಗಳಲ್ಲಿ ಹೇರಳ. ಕೊನೆಯ ಅಧ್ಯಾಯದಲ್ಲಿ ಒಬ್ಬನನ್ನು ಹಿಡಿದುಕೊಟ್ಟರೆ ಲೋಕ ಸರಿಹೋಯಿತೆಂಬ ಭರವಸೆಯಂತೂ ಸುಳ್ಳೇ. ಜಪಾನಿನ ಕುರೊಸಾವಾ 1950ರ ‘ರಶೋಮನ್’ ಚಿತ್ರದಲ್ಲಿ ಒಂದೇ ಸಾವನ್ನು ನಾಲ್ಕು ಬಾಯಿಗಳಿಂದ ಹೇಳಿಸಿ, ಯಾವುದನ್ನೂ ಪೂರ್ತಿ ನಂಬಲಾಗದಂತೆ ಮಾಡಿ ಆ ಭರವಸೆಯನ್ನು ಮುರಿದರು. ಆದರೆ ಕಳಪೆ ಪತ್ತೇದಾರಿ ಕಾದಂಬರಿ ಕೆಡಿಸುವುದು ಒಂದು ರಾತ್ರಿಯ ನಿದ್ರೆಯನ್ನು. ಪ್ರಶ್ನೆ ಕೇಳದೆ ನುಂಗಿದ ರಾಜಕೀಯ ಪುಸ್ತಕ ಮನೆಯನ್ನು ಕೆಡಿಸುತ್ತದೆ.

ಈ ಮಾತು ಉತ್ಪ್ರೇಕ್ಷೆಯಲ್ಲ. ಓದಿಯೂ ಇಲ್ಲದ ಪುಸ್ತಕದ ಹೆಸರಿನಲ್ಲಿ ಮಾತು ಬಿಟ್ಟ ಸಹೋದರರು ನಮ್ಮ ಬಂಧುಗಳಲ್ಲೇ ಇದ್ದಾರೆ. ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಡಬ್ಬಿಯ ಚಿತ್ರಾನ್ನ ತಿಂದ ಶಿಷ್ಯರು ಈಗ ಒಬ್ಬರ ಮನೆಯ ಗೃಹಪ್ರವೇಶಕ್ಕೆ ಇನ್ನೊಬ್ಬರು ಹೋಗುತ್ತಿಲ್ಲ. ಇಬ್ಬರೂ ನನಗೆ ಪ್ರತ್ಯೇಕವಾಗಿ ದೂರವಾಣಿ ಮಾಡಿ, ತಮ್ಮ ಪಕ್ಷದ ಪುಸ್ತಕವನ್ನು ಓದಬೇಕೆಂದು ಒತ್ತಾಯಿಸುತ್ತಾರೆ. ನಾನು ಓದುತ್ತೇನೆ. ಅವರು ಒಬ್ಬರದನ್ನೊಬ್ಬರು ಓದುವುದು ಯಾವಾಗ?

ಆದ್ದರಿಂದ ಗಾಜಿನ ಬೀರುವಿನಿಂದ ನಿಮಗೆ ಅತ್ಯಂತ ಪ್ರಿಯವಾದ ರಾಜಕೀಯ ಪುಸ್ತಕವನ್ನು ತೆಗೆಯಿರಿ. ವಿರೋಧಿಯದಲ್ಲ, ನಿಮ್ಮದೇ. ಅದರ ಲೇಖಕರು ಕೊಟ್ಟಿರುವ ಆಧಾರಗಳಲ್ಲಿ ಒಂದನ್ನು, ಒಂದೇ ಒಂದನ್ನು, ಗ್ರಂಥಾಲಯಕ್ಕೆ ಹೋಗಿ ಮೂಲದಲ್ಲಿ ಓದಿ. ಆ ವಾಕ್ಯದ ಹಿಂದೆ ಏನಿತ್ತು, ಮುಂದೆ ಏನಿತ್ತು, ಬಿಟ್ಟುಹೋದದ್ದು ಯಾವುದು ಎಂದು ಗುರುತು ಹಾಕಿಕೊಳ್ಳಿ. ಪುರುಷೋತ್ತಮನಾದರೆ ಇಷ್ಟನ್ನು ಮಾಡದೆ ಯಾರ ಕೈಗೂ ಬೇಡಿ ತೊಡಿಸುತ್ತಿರಲಿಲ್ಲ. ಅದಾದ ಮೇಲೂ ನಿಮ್ಮ ಅಭಿಪ್ರಾಯ ಮೊದಲಿನಂತೆಯೇ ಉಳಿದರೆ ಸಂತೋಷ. ಆಗ ಅದು ನಿಮ್ಮ ಅಭಿಪ್ರಾಯವಾಗಿರುತ್ತದೆ.