ಬಿಸಿಲಿನ ಕ್ರಿಸ್ಮಸ್ಸೂ ತವರಿನ ಕ್ರಿಸ್ಮಸ್ಸೂ

ನಮ್ಮ ಶಾಲೆಯಲ್ಲಿ ಓದಿ, ವಿವಾಹವಾಗಿ, ಪರದೇಶಗಳಲ್ಲಿ ನೆಲೆಸಿರುವ ಹೆಣ್ಣುಮಕ್ಕಳು ಈಗ ಬಹುಮಂದಿ. ಡಿಸೆಂಬರು ಸಮೀಪಿಸಿದೊಡನೆ ಅವರ ತಾಯಂದಿರು ನನ್ನ ಬಳಿಗೆ ಬಂದು, “ಟೀಚರಮ್ಮಾ, ಈ ಸಲವೂ ಮಗಳು ಗಂಡನ ಮನೆಯವರ ಸಂಗಡವೇ ಹಬ್ಬ ಮಾಡುವಳಂತೆ” ಎಂದು ವ್ಯಸನಪಡುವುದುಂಟು. “ಅಲ್ಲಿ ಆಗ ಬೇಸಗೆಯಂತೆ, ಅದೆಂಥ ಕ್ರಿಸ್ಮಸ್ಸು?” ಎಂದು ಸೇರಿಸುವವರೂ ಉಂಟು. ಇವುಗಳಲ್ಲಿ ಮೊದಲನೆಯ ದೂರು ನ್ಯಾಯವಾದದ್ದು, ಎರಡನೆಯದು ಅಲ್ಲ ಎಂಬುದು ನನ್ನ ಅಭಿಪ್ರಾಯ.

ನನ್ನ ತವರು ಘಾಟಿ ಸುಬ್ರಹ್ಮಣ್ಯದ ಸಮೀಪದ ಹಳ್ಳಿ. ನನ್ನ ಅತ್ತೆಯವರಾದರೋ ಹಿರಿಯ ಮಗನೊಡನೆ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿದ್ದಾರೆ. ಕೋವಿಡ್ ವ್ಯಾಧಿಯ ನಿಮಿತ್ತ 2020ರ ಮಾರ್ಚಿಯಲ್ಲಿ ಮುಚ್ಚಿದ ಆ ದೇಶದ ಬಾಗಿಲು ಪ್ರವಾಸಿಗಳಿಗೆ ತೆರೆದದ್ದು 2022ರ ಫೆಬ್ರವರಿಯಲ್ಲಿ. ಅಷ್ಟು ಕಾಲ ತಾಯಿಯ ಮುಖ ಕಾಣದಿದ್ದ ನಮ್ಮ ಯಜಮಾನರು ಆ ವರ್ಷದ ಕ್ರಿಸ್ಮಸ್ಸಿಗೆ ಹೋಗೋಣವೆಂದಾಗ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ನನ್ನ ತಾಯಿಯೂ ಒಬ್ಬಂಟಿಗಳೇ. “ಹೋಗಿ ಬಾರಮ್ಮಾ” ಎಂದಳು. ಬೇರೆ ಏನನ್ನೂ ಹೇಳಲಿಲ್ಲ.

ಅಲ್ಲಿ ಡಿಸೆಂಬರೆಂದರೆ ನಮ್ಮ ಏಪ್ರಿಲು. ಶಾಲೆಗಳಿಗೆ ವರ್ಷಾಂತ್ಯದ ದೊಡ್ಡ ರಜೆ. ಸೂರ್ಯನು ಮುಳುಗುವುದು ರಾತ್ರಿ ಎಂಟೂವರೆಯ ಮೇಲೆ. 1938ರಲ್ಲಿ ನಾರ್ಮನ್ ಬ್ಯಾಂಕ್ಸ್ ಎಂಬ ರೇಡಿಯೋ ನಿರೂಪಕರು ಆ ಊರಿನ ಉದ್ಯಾನದಲ್ಲಿ ಜನರನ್ನು ಕೂಡಿಸಿ, ಮೇಣದ ಬತ್ತಿಗಳ ಬೆಳಕಿನಲ್ಲಿ ಕ್ರಿಸ್ಮಸ್ ಗೀತೆಗಳನ್ನು ಹಾಡಿಸಿದರು. ಬಯಲಿನಲ್ಲಿ ಹಾಡುವ ಆ ಪದ್ಧತಿ ಇಂದಿಗೂ ನಡೆದುಬಂದಿದೆ. ಹಬ್ಬದ ಊಟಕ್ಕೆ ತಣ್ಣಗಿನ ಸಿಗಡಿ, ಹಣ್ಣು ಹೇರಿದ ಪಾವ್ಲೋವಾ. ನನ್ನ ಓರಗಿತ್ತಿ ಮಾತ್ರ ಸೆಕೆಯಲ್ಲಿಯೇ ನಿಂತು ಕರ್ಜಿಕಾಯಿ ಕರಿದಳು. ಅತ್ತೆಯವರು ಹೂರಣದಲ್ಲಿ ಏಲಕ್ಕಿ ಸಾಲದೆಂದು ಗದರಿದರು. (ಸಾಲದಿದ್ದುದು ನಿಜ.) ಅದು ಪೂರ್ಣವಾದ ಹಬ್ಬವೇ ಆಗಿತ್ತು.

ಹಿಮವಿಲ್ಲದೆ ಕ್ರಿಸ್ಮಸ್ಸಿಲ್ಲವೆಂಬ ಭ್ರಮೆಗೆ ನಾವು ಉಪಾಧ್ಯಾಯಿನಿಯರೂ ಕಾರಣರು. ಪ್ರತಿವರ್ಷ ಶಾಲೆಯ ಗೋದಲಿಯ ಮೇಲೆ ಹತ್ತಿಯನ್ನು ಹರಡುವವರು ನಾವೇ ಅಲ್ಲವೇ? ಲೂಕನ ಸುವಾರ್ತೆಯಲ್ಲಿ ಕುರುಬರು ರಾತ್ರಿಯಲ್ಲಿ ಹೊರಗೆ ಕುರಿ ಕಾಯುತ್ತಿದ್ದರೆಂದಿದೆ, ಹಿಮದ ಸುದ್ದಿಯೇ ಇಲ್ಲ. ನಮ್ಮ ಡಿಸೆಂಬರೋ, ಮಾಕಳಿ ಬೆಟ್ಟದ ಮೇಲಿನ ಮಂಜು, ಸೊಗಡಿನ ಅವರೆಕಾಯಿ, ಘಾಟಿಯ ಜಾತ್ರೆಗೆ ಹೊರಟ ಎತ್ತುಗಳ ಕೊರಳ ಗಂಟೆ. ಪುಷ್ಯ ಶುದ್ಧ ಷಷ್ಠಿಯ ಅಲ್ಲಿನ ರಥೋತ್ಸವವು ಕೆಲವು ವರ್ಷ ಕ್ರಿಸ್ಮಸ್ಸಿನ ವಾರದಲ್ಲಿಯೇ ಬರುವುದರಿಂದ, ಬಾಲ್ಯದಲ್ಲಿ ಎರಡು ಹಬ್ಬಗಳ ಬತ್ತಾಸೂ ನಮ್ಮ ಮನೆಯಲ್ಲಿರುತ್ತಿತ್ತು.

ಆದರೆ ಆ ದಿನ ಮೆಲ್ಬರ್ನಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಕುಳಿತಾಗ, ಇಲ್ಲಿ ಬೆಳಗಿನ ಏಳೂವರೆ. ತಾಯಿಗೆ ಫೋನು ಮಾಡಿದೆನು. ಆರಾಧನೆಗೆ ಹೊರಡುತ್ತಿದ್ದಳು. ತಿಂಡಿಯೇನು ಮಾಡಿದೆಯೆಂದು ಕೇಳಿದರೆ, “ಒಬ್ಬಳಿಗೆ ಎಣ್ಣೆ ಏಕೆ ಇಡಲಿ?” ಎಂದಳು. ಆ ಊಟ ನನಗೆ ರುಚಿಸಲಿಲ್ಲ.

ಇದನ್ನು ಬೇಸಗೆಯ ಮೇಲೆ ಹೊರಿಸುವುದು ಸುಲಭ. ಗಂಡನ ಮನೆಯ ಹಬ್ಬವೇ ಹೆಣ್ಣಿನ ಹಬ್ಬವೆಂದು ನಾವು ಕೇಳದೆಯೇ ಒಪ್ಪಿಕೊಂಡಿದ್ದೇವೆ, ತಪ್ಪಿರುವುದು ಅಲ್ಲಿ. ಸೊಸೆಯು ಅತ್ತೆಯ ಮನೆಗೆ ಹೋಗುವುದು ಧರ್ಮವಾದರೆ, ಅಳಿಯನು ಮರುವರ್ಷ ಮಾವನ ಮನೆಗೆ ಬರುವುದು ಉಪಕಾರವೆನಿಸುವುದೇಕೆ? ಗಂಡುಮಕ್ಕಳ ತಾಯಂದಿರೂ ಈ ಸಂಚಿಕೆಯನ್ನು ಓದುವರಾದುದರಿಂದ ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಮಗಳನ್ನು ಸಂತೋಷವಾಗಿ ಕಳುಹಿಸಿರಿ, ಅಲ್ಲಿಯ ಹಬ್ಬವನ್ನು ಹಳಿಯಬೇಡಿರಿ. ಆದರೆ ಬೀಗರೊಡನೆ ಸರದಿಯ ಮಾತನ್ನು ಮದುವೆಗೆ ಮುಂಚೆಯೇ ಆಡಿರಿ.

ಹಿಂತಿರುಗುವಾಗ ವಿಮಾನದಲ್ಲಿಯೇ ನಾನು ಈ ಮಾತನ್ನೆತ್ತಿದೆನು. ನಮ್ಮ ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. 2023ರ ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ನನ್ನ ತಾಯಿಯ ಅಡಿಗೆಮನೆಯಲ್ಲಿ ಮಫ್ಲರು ಸುತ್ತಿಕೊಂಡು ಕುಳಿತು, ಎರಡು ಸೇರು ಅವರೆಕಾಳನ್ನು ಹಿದುಕಿದರು.